ನಿಂತು ತೆಗೆದ ಚಿತ್ರಗಳು

ಸ್ಯಾನ್ ಆಂಟೋನಿಯೋ, ಟೆಕ್ಸಾಸ್
21 ನವೆಂಬರ್ 1995

ಪ್ರೀತಿಯ ನೋಯೆಲಿಯಾ,

ನೀನು ಮತ್ತೆ ಮತ್ತೆ ಫೋನ್ ಮಾಡಿದೆಯೆಂದು ಪಕ್ಕದ ಬ್ರೆಡ್ ಅಂಗಡಿಯವರು ಹೇಳಿದರು. ಸ್ಟುಡಿಯೋದ ಫೋನ್ ಸರಿಯಿಲ್ಲ. ಸದ್ಯಕ್ಕೆ ಪತ್ರವನ್ನೇ ಬರೆ.

ನೀನು ಕೇಳಿದ ಸುದ್ದಿ ನಿಜ. ಕಳೆದ ಶನಿವಾರ ಒಂದು ಹುಡುಗಿಗೆ ಹದಿನೈದು ತುಂಬಿದ ಹಬ್ಬದ ಫೋಟೋ ಕೆಲಸ ಮುಗಿಸಿ ಸಾಮಾನನ್ನು ವ್ಯಾನಿಗೆ ಹಾಕುತ್ತಿದ್ದೆ. ಇಬ್ಬರು ಬಂದರು. ಒಬ್ಬ ಹಿಂದಿನಿಂದ ತಲೆಗೆ ಹೊಡೆದ, ಇನ್ನೊಬ್ಬ ಚೀಲ ಕಿತ್ತುಕೊಂಡ. ನನಗೇನೂ ಆಗಿಲ್ಲ, ಕಿವಿಯ ಹಿಂದೆ ಎರಡು ಹೊಲಿಗೆ, ಅಷ್ಟೆ. ಕ್ಯಾಮೆರಾ ಹೋಯಿತು, ಫ್ಲ್ಯಾಷ್ ಹೋಯಿತು. ಅವೆಲ್ಲ ಎಂದಾದರೂ ಮತ್ತೆ ಬರುತ್ತವೆ. ಅಂದು ತೆಗೆದ ಫಿಲ್ಮ್ ರೋಲ್‌ಗಳೂ ಅದೇ ಚೀಲದಲ್ಲಿದ್ದವು.

ಮರುದಿನ ಹುಡುಗಿಯ ಮನೆಗೆ ಹೋಗಿ ಹೇಳಬೇಕಾಯಿತು. ತಾಯಿ ಬಾಗಿಲಲ್ಲೇ ಕುಳಿತುಬಿಟ್ಟಳು. ಹುಡುಗಿ ನನ್ನ ಮುಖ ನೋಡಿ ಕೇಳಿದಳು: “ಮತ್ತೊಂದ್ಸಲ ಎಲ್ಲಾರೂ ಅದೇ ಬಟ್ಟೆ ಹಾಕ್ಕೊಂಡು ನಿಂತ್ರೆ ಆಗಲ್ವಾ?” ತಾಯಿ ಅಂದಳು: “ಕೇಕ್ ತಿಂದಾಯ್ತಲ್ಲೇ ಹುಚ್ಚಿ.” ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ನೀನು ಚಿಕ್ಕವಳಿದ್ದಾಗ ಅಪ್ಪ ಕೆಲಸಕ್ಕೆ ಹೋದಲ್ಲೆಲ್ಲ ನಿನ್ನನ್ನು ಕ್ಯಾಮೆರಾ ಚೀಲದ ಮೇಲೆ ಕೂರಿಸುತ್ತಿದ್ದ, ನೆನಪಿದೆಯೇ? “ನನ್ನ ಬೀಗ ಇವಳೇ” ಎನ್ನುತ್ತಿದ್ದ. ಯಾಕೋ ಈಗ ಅದು ನೆನಪಾಗುತ್ತದೆ.

ಕ್ರಿಸ್‌ಮಸ್‌ಗೆ ಬರುವುದಾದರೆ ತಿಳಿಸು. ಓದಿನ ಕೆಲಸವಿದ್ದರೆ ಬೇಡ.

ನಿನ್ನ ಅಕ್ಕ,
ಇಮೆಲ್ಡಾ


ರೋಚೆಸ್ಟರ್, ನ್ಯೂಯಾರ್ಕ್
3 ಡಿಸೆಂಬರ್ 1995

ಪ್ರೀತಿಯ ಅಕ್ಕ,

ನಿನ್ನ ಪತ್ರ ಓದಿ ಮೊದಲು ಅತ್ತೆ, ಆಮೇಲೆ ಯೋಚಿಸಿದೆ. ಈ ಪತ್ರ ಯೋಚಿಸಿದ ಮೇಲಿನದು.

ನಮ್ಮ ವೃತ್ತಿಯನ್ನು ಒಮ್ಮೆ ಹೊರಗಿನಿಂದ ನೋಡು. ಛಾಯಾಗ್ರಾಹಕಿ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಗಾಜಿಗೆ ಒತ್ತಿಕೊಂಡು ನಿಲ್ಲುವವಳು. ಅವಳ ಎರಡೂ ಕೈಗಳು ತುಂಬಿವೆ. ಅವಳ ಬೆನ್ನು ಸದಾ ಜಗತ್ತಿಗೆ ತೆರೆದಿದೆ. ಎಲ್ಲರೂ ಮನೆಗೆ ಹೊರಟ ಮೇಲೆ, ಹೆಗಲಿಗೊಂದು ಸಣ್ಣ ಆಸ್ತಿಯನ್ನು ತೂಗಿಕೊಂಡು, ಖಾಲಿ ಅಂಗಳದಲ್ಲಿ ಒಬ್ಬಳೇ ನಡೆಯುವವಳು ಅವಳು. ಆಭರಣದ ಅಂಗಡಿಗೆ ಕಾವಲುಗಾರನಿದ್ದಾನೆ, ಬ್ಯಾಂಕಿಗೆ ಇದ್ದಾನೆ. ಮರಳಿ ಬಾರದ ಒಂದು ದಿನವನ್ನು ಹೊತ್ತು ನಡೆಯುವವಳಿಗೆ ಯಾರಿದ್ದಾರೆ?

ಹೊಸ ವರ್ಷದಿಂದ ನಮ್ಮ ಟೆಕ್ಸಾಸಿನಲ್ಲಿ ಪರವಾನಗಿ ಪಡೆದವರು ಪಿಸ್ತೂಲನ್ನು ಬಟ್ಟೆಯ ಒಳಗೆ ಮರೆಯಾಗಿ ಇಟ್ಟುಕೊಳ್ಳಬಹುದೆಂದು ಕಾನೂನಾಗಿದೆ. ನೀನು ಅರ್ಜಿ ಹಾಕು. ಅದು ಯಾರಿಗೂ ಕಾಣಬೇಕಾಗಿಲ್ಲ, ಅದನ್ನು ಎಂದೂ ತೆಗೆಯಬೇಕಾಗಿಲ್ಲ. ಅದು ನಿನ್ನ ಬಳಿ ಇದೆಯೆಂದು ನಿನಗೆ ಗೊತ್ತಿದ್ದರೆ ನಿನ್ನ ನಡಿಗೆ ಬದಲಾಗುತ್ತದೆ. ಈ ಮಾತನ್ನು ತರಗತಿಯ ಚರ್ಚೆಯಲ್ಲಿಯೂ ಮಂಡಿಸಿದೆ. ನಮಗೆ ಛಾಯಾಗ್ರಹಣ ಕಲಿಸುವ ಪ್ರೊಫೆಸರ್ ವಿಟ್ಲಾಕ್ ಒಪ್ಪಲಿಲ್ಲ, ಆದರೆ ನನ್ನ ವಾದವನ್ನು ಯಾರಿಂದಲೂ ಮುರಿಯಲಾಗಲಿಲ್ಲ. ಈ ಅವಧಿಯಲ್ಲಿಯೂ ಮೊದಲ ಸ್ಥಾನ ನನ್ನದೇ.

ಕ್ರಿಸ್‌ಮಸ್‌ಗೆ ಬರಲಾಗದು. ರಜೆಯಲ್ಲಿ ಪ್ರೊಫೆಸರರ ಡಾರ್ಕ್‌ರೂಮಿನಲ್ಲಿ ಕೆಲಸ ಮಾಡುವ ಅವಕಾಶ ಒಬ್ಬರಿಗೇ ಸಿಗುವುದು, ಅದು ನನಗೆ ಸಿಕ್ಕಿದೆ. ಎಂದಿನಂತೆ ರೋಲಿನ ಚಿತ್ರಗಳನ್ನೆಲ್ಲ ಪುಟ್ಟ ಚೌಕಗಳಾಗಿ ಮುದ್ರಿಸಿದ ಕಾಂಟ್ಯಾಕ್ಟ್ ಹಾಳೆಗಳನ್ನು ಕಳಿಸುತ್ತಿರು. ಆಲ್ಬಮ್ಮಿಗೆ ಯಾವುದು ಎಂದು ಕೆಂಪು ಗುರುತು ಹಾಕುವ ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಡುವವಳಲ್ಲ.

ನಿನ್ನ,
ನೋಯೆಲಿಯಾ


ಸ್ಯಾನ್ ಆಂಟೋನಿಯೋ
28 ಜನವರಿ 1996

ಪ್ರೀತಿಯ ನೋಯೆಲಿಯಾ,

ನಿನ್ನ ಮಾತಿನಂತೆ ತರಬೇತಿಗೆ ಹೋಗಿ ಬಂದೆ. ಹೋಗದಿರಲು ಕಾರಣಗಳಿದ್ದವು, ನಿನ್ನ ಪತ್ರದ ಕಾರಣಗಳಷ್ಟು ಚೆನ್ನಾಗಿ ಅವನ್ನು ಜೋಡಿಸಲು ನನಗೆ ಬರಲಿಲ್ಲ.

ಕಲಿಸುವವನ ಹೆಸರು ಹೋಲಿಸ್. ದೊಡ್ಡ ಹೊಟ್ಟೆ, ದೊಡ್ಡ ಟೋಪಿ, ಒಳ್ಳೆಯ ಮನುಷ್ಯ. ಗುರಿ ಹೊಡೆಯುವ ಪರೀಕ್ಷೆಯಲ್ಲಿ ನನಗೆ ಎಲ್ಲರಿಗಿಂತ ಹೆಚ್ಚು ಅಂಕ ಬಂತು. ಅವನು ಕಾಗದದ ತೂತುಗಳನ್ನು ಬೆಳಕಿಗೆ ಹಿಡಿದು ನೋಡಿ, “ಏನ್ ಕೆಲ್ಸ ಮಾಡ್ತೀಯಮ್ಮಾ? ನಿನ್ ಕೈ ಅಲ್ಲಾಡೋದೇ ಇಲ್ವಲ್ಲ” ಎಂದ. ಫೋಟೋ ತೆಗೆಯುತ್ತೇನೆ ಎಂದೆ. “ಅದೇ ಮತ್ತೆ! ಉಸ್ರು ಹಿಡಿಯೋದು, ಮೆಲ್ಲಗೆ ಒತ್ತೋದು. ಎರಡೂ ಒಂದೇ ವಿದ್ಯೆ.”

“ನಾನು ಒತ್ತಿದ್ಮೇಲೆ ಜನ ಎದ್ದು ಬಂದು ಕೇಕ್ ತಿಂತಾರೆ ಸಾರ್” ಎಂದೆ. ತರಗತಿಯೆಲ್ಲ ನಕ್ಕಿತು. ಅವನೂ ನಕ್ಕ, ಆದರೆ ಸ್ವಲ್ಪ ತಡವಾಗಿ.

ಗುಂಡಿನ ಸದ್ದಿಗೆ ಉಳಿದವರೆಲ್ಲ ಕಿವಿ ಉಜ್ಜಿಕೊಳ್ಳುತ್ತಿದ್ದರು. ನನಗೆ ಅಷ್ಟೇನೂ ಅನ್ನಿಸಲಿಲ್ಲ.

ಚರ್ಚಿಗೆ ಪಿಸ್ತೂಲನ್ನು ಒಯ್ಯುವಂತಿಲ್ಲ. ಮದ್ಯ ಮಾರುವ ಸಭಾಂಗಣಗಳಿಗೂ ಒಯ್ಯುವಂತಿಲ್ಲ. ಅಂದರೆ ನನ್ನ ಕೆಲಸದ ಅರ್ಧ ಜಾಗಗಳಲ್ಲಿ ಅದು ವ್ಯಾನಿನಲ್ಲೇ ಬೀಗ ಹಾಕಿಸಿಕೊಂಡು ಕೂರಬೇಕು. ಪಿಸ್ತೂಲನ್ನು ಗಿರವಿ ಅಂಗಡಿಯಲ್ಲಿ ಕೊಂಡೆ. ಒಂದೇ ಗಾಜಿನ ಪೆಟ್ಟಿಗೆ: ಎಡಕ್ಕೆ ಪಿಸ್ತೂಲುಗಳು, ಬಲಕ್ಕೆ ಕ್ಯಾಮೆರಾಗಳು. ನನ್ನದು ಅಲ್ಲಿದೆಯೇನೋ ಎಂದು ಬಗ್ಗಿ ಹುಡುಕಿದೆ. ಇರಲಿಲ್ಲ. ಬೇರೆ ಯಾರ್ಯಾರವೋ ಇದ್ದವು.

ಪರವಾನಗಿ ಬರಲು ಇನ್ನೂ ಸಮಯವಿದೆ. ಈಸ್ಟರ್‌ಗೆ ಮುಂಚಿನ ಉಪವಾಸದ ತಪಸ್ಸಿನ ಕಾಲ ಹತ್ತಿರ ಬಂತು. ಈಸ್ಟರ್ ತನಕ ಹಬ್ಬಗಳು ಹೇಗೂ ಕಡಿಮೆ. ನನಗೂ ಸ್ವಲ್ಪ ಮಲಗಬೇಕು ಎನ್ನಿಸುತ್ತದೆ.

ಇಮೆಲ್ಡಾ


ರೋಚೆಸ್ಟರ್
11 ಫೆಬ್ರವರಿ 1996

ಪ್ರೀತಿಯ ಅಕ್ಕ,

ನೀನು ಪ್ರಥಮ ಸ್ಥಾನ ಪಡೆದದ್ದು ಕೇಳಿ ಹೆಮ್ಮೆಯಾಯಿತು. ನಮ್ಮ ಮನೆತನದ ಅಭ್ಯಾಸ ಅದು.

ಆದರೆ ಒಂದು ಮಾತನ್ನು ನೇರವಾಗಿ ಕೇಳಬೇಕಾಗಿದೆ. ಕಳೆದ ಭಾನುವಾರ ಬ್ರೆಡ್ ಅಂಗಡಿಗೆ ಫೋನ್ ಮಾಡಿ ನಿನ್ನನ್ನು ಕರೆಸಿದೆ. ನೀನು ಬಂದೆ, ನಾನು ಮಾತನಾಡುತ್ತಲೇ ಇದ್ದೆ, ನೀನು “ಬರಿ, ಬರಿ, ಕಾಗದ ಬರಿ” ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ಕ್ರಿಸ್‌ಮಸ್‌ಗೆ ಬರಲಿಲ್ಲವೆಂಬ ಸಿಟ್ಟು ಇದ್ದರೆ ಅದನ್ನು ಬರೆದು ತಿಳಿಸುವ ಸೌಜನ್ಯ ನನಗೆ ಸಲ್ಲಬೇಕಾದುದು. ನಾನು ಇಲ್ಲಿ ಆಟವಾಡುತ್ತಿಲ್ಲ. ಹಿಮ ಕಿಟಕಿಯ ಅರ್ಧಕ್ಕೆ ಬಂದಿದೆ, ನನ್ನ ಬೆರಳುಗಳು ಸದಾ ಫಿಲ್ಮ್ ತೊಳೆಯುವ ಹೈಪೋ ದ್ರಾವಣದ ವಾಸನೆ ಬೀರುತ್ತವೆ.

ಉತ್ತರಕ್ಕೆ ಕಾಯುತ್ತೇನೆ.

ನೋಯೆಲಿಯಾ


ಸ್ಯಾನ್ ಆಂಟೋನಿಯೋ
21 ಏಪ್ರಿಲ್ 1996

ನೋಯೆಲಿಯಾ,

ಉತ್ತರ ತಡವಾಯಿತು. ಸಿಟ್ಟಿಲ್ಲ. ದಣಿವಿನ ಮುಖವೂ ಸಿಟ್ಟಿನಂತೆಯೇ ಕಾಣುತ್ತದೆ.

ಪರವಾನಗಿ ಬಂತು. ಈಸ್ಟರ್ ಕಳೆದ ಮೇಲೆ ಹಬ್ಬಗಳು ಶುರುವಾಗಿವೆ. ಕರಿಯ ಉದ್ದ ಜಾಕೆಟ್ ಹೊಲಿಸಿಕೊಂಡಿದ್ದೇನೆ. ಪಿಸ್ತೂಲು ಬಲಸೊಂಟದ ಹಿಂದೆ, ಜಾಕೆಟ್ಟಿನ ಅಡಿಯಲ್ಲಿ. ಈ ಊರಿನ ಬಿಸಿಲಿನಲ್ಲಿ ಜಾಕೆಟ್ ಹಾಕಿಕೊಂಡವಳನ್ನು ಎಲ್ಲರೂ “ಜ್ವರಾನಾ?” ಎಂದು ಕೇಳುತ್ತಾರೆ.

ನಿನ್ನ ವಾದದಲ್ಲಿ ಒಂದು ಸಂಗತಿ ಬಿಟ್ಟುಹೋಗಿತ್ತು. ನಮ್ಮವರು ಅಪ್ಪಿಕೊಳ್ಳುತ್ತಾರೆ. ನಾನು ಬಂದಾಗ ಹುಡುಗಿಯ ತಾಯಿ, ಅವಳ ಅಕ್ಕತಂಗಿಯರು, ಅತ್ತೆಯರು. ಹೊರಡುವಾಗ ಇನ್ನೊಂದು ಸುತ್ತು. ಅದರ ಮೇಲೆ ಪ್ರತಿಯೊಂದಕ್ಕೂ ಧರ್ಮಪಿತನಾಗಿ ಒಬ್ಬ ಪದ್ರಿನೋ: ಕೇಕಿನ ಖರ್ಚು ಹೊತ್ತ ಪದ್ರಿನೋ, ಸಂಗೀತದವನು, ಚಪ್ಪಲಿಯವನು, ಫೋಟೋದವನು, ಎಲ್ಲರೂ ಹೆಂಡತಿಯರೊಡನೆ. ಎಲ್ಲರ ಕೈಯೂ ನೇರವಾಗಿ ಸೊಂಟಕ್ಕೆ ಬರುತ್ತದೆ.

ಹೋದ ವಾರ ರೆಫುಹಿಯಾ ಎಂಬ ಅಜ್ಜಿಯೊಬ್ಬಳು ನನ್ನನ್ನು ತಬ್ಬಿ ಹಿಡಿದು ಬಿಡಲಿಲ್ಲ. “ಏನಮ್ಮಾ ಇದು, ಸೊಂಟದಲ್ಲಿ ಕಲ್ಲು ಕಟ್ಕೊಂಡಿದೀಯ?”

“ಬೆಳಕು ಅಳೆಯೋ ಯಂತ್ರ ಅಜ್ಜಿ.”

“ಹಾಗಾದ್ರೆ ತೆಗಿ, ನನ್ ಮುಖಕ್ಕೂ ಒಂದ್ಸಲ ಹಿಡಿ. ಎಲ್ಲಾ ಫೋಟೋದಾಗೂ ನನ್ನನ್ನ ಇದ್ದಿಲು ಮಾಡ್ತಾರೆ ಹಾಳಾದೋರು!”

ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಕೈ ತೊಳೆಯುವ ಕೋಣೆಗೆ ಹೋಗಿ ಜಾಕೆಟ್ಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡೆ. ಅಂದಿನಿಂದ ಯಾರಾದರೂ ತೋಳು ಚಾಚಿದರೆ ಕ್ಯಾಮೆರಾವನ್ನು ನಡುವೆ ಎತ್ತಿ ಹಿಡಿಯುತ್ತೇನೆ.

ಹಾಳೆಗಳನ್ನು ಕಳಿಸಿದ್ದೇನೆ. ಗುರುತು ಹಾಕು.

ಇಮೆಲ್ಡಾ


ರೋಚೆಸ್ಟರ್
5 ಮೇ 1996

ಪ್ರೀತಿಯ ಅಕ್ಕ,

ಹಾಳೆಗಳನ್ನು ಭೂತಗಾಜು ಹಿಡಿದು ನೋಡಿದೆ. ಹೇಳದಿದ್ದರೆ ಅಪ್ಪನಿಗೆ ದ್ರೋಹವಾಗುತ್ತದೆ, ಅದಕ್ಕೆ ಹೇಳುತ್ತೇನೆ.

ಎಲ್ಲ ಚಿತ್ರಗಳೂ ನಿಂತು ತೆಗೆದವು. ಒಂದಾದರೂ ಮೊಣಕಾಲೂರಿ ತೆಗೆದದ್ದಿಲ್ಲ. ತಂದೆ ಮಗಳ ಮುಂದೆ ಮಂಡಿಯೂರಿ, ಅವಳ ಕಾಲಿನ ಚಪ್ಪಟೆ ಪಾದರಕ್ಷೆಯನ್ನು ಕಳಚಿ, ಮೊದಲ ಬಾರಿಗೆ ಎತ್ತರ ಹಿಮ್ಮಡಿಯದನ್ನು ತೊಡಿಸುವ ಕ್ಷಣ — ಇಡೀ ಹಬ್ಬದಲ್ಲಿ ಮಗು ಹೆಣ್ಣಾಗುವುದು ಅಲ್ಲಿ ಮಾತ್ರ. ಅದನ್ನು ನೆಲಕ್ಕೆ ಎದೆಯಿಟ್ಟು ಮಲಗಿ ತೆಗೆಯಬೇಕೆಂದು ನಮಗೆ ಕಲಿಸಿದವನು ಅಪ್ಪ. “ಪಾದದ ಎತ್ತರಕ್ಕೆ ಇಳಿ, ಆಗ ಅಪ್ಪನ ಮುಖ ಕಾಣ್ತದೆ” ಎನ್ನುತ್ತಿದ್ದ. ನಿನ್ನ ಹಾಳೆಯಲ್ಲಿ ತಂದೆಯ ಬೋಳು ನೆತ್ತಿ ಕಾಣುತ್ತದೆ, ಅಷ್ಟೆ. ಮೇಲಿನಿಂದ ತೆಗೆದ ಹೂಗುಚ್ಛದ ಚಿತ್ರವೂ ಇಲ್ಲ. ಕೈ ಎತ್ತಲು ಸಹ ಆಲಸ್ಯವೇ?

ದಣಿವು ನನಗೂ ಅರ್ಥವಾಗುತ್ತದೆ. ಆದರೆ ದಣಿವನ್ನು ಗ್ರಾಹಕರ ಆಲ್ಬಮ್ಮಿನಲ್ಲಿ ಅಂಟಿಸಬಾರದು. ಈಗ ನಿನಗೆ ಭಯವಿಲ್ಲ, ರಕ್ಷಣೆ ಇದೆ. ಮತ್ತೇನು ಅಡ್ಡಿ?

ಕಟುವಾಯಿತೆನಿಸಿದರೆ ಕ್ಷಮಿಸು. ನಿನ್ನ ಚಿತ್ರಗಳನ್ನು ನೋಡಿಯೇ ನಾನು ಈ ವಿದ್ಯೆಯನ್ನು ಆಯ್ದುಕೊಂಡವಳು.

ನೋಯೆಲಿಯಾ


ಸ್ಯಾನ್ ಆಂಟೋನಿಯೋ
22 ಮೇ 1996

ನೋಯೆಲಿಯಾ,

ಶನಿವಾರದ ಹಾಳೆ ಇದು. ಹುಡುಗಿಯ ಹೆಸರು ಯೆಸೆನಿಯಾ. ಈ ಸಲ ಮಲಗಿ ತೆಗೆದಿದ್ದೇನೆ.

ಇಮೆಲ್ಡಾ


ರೋಚೆಸ್ಟರ್
2 ಜೂನ್ 1996

ನನ್ನ ಅಕ್ಕ!

ಲಕೋಟೆ ಒಡೆದಾಗ ನಾನು ಒಬ್ಬಳೇ ಇದ್ದೆ, ಜೋರಾಗಿ ಕೂಗಿದೆ. ನೀನು ಮರಳಿ ಬಂದಿದ್ದೀಯೆ.

ಪಾದರಕ್ಷೆಯ ಸಾಲನ್ನೇ ತೆಗೆದುಕೊಳ್ಳೋಣ. ಮೊದಲ ಚಿತ್ರಗಳಲ್ಲಿ ಯೆಸೆನಿಯಾ ನಗುತ್ತಿದ್ದಾಳೆ, ತಂದೆಯ ಕಣ್ಣು ತುಂಬಿದೆ. ಚೆನ್ನಾಗಿವೆ, ಆದರೆ ಇಂಥವನ್ನು ನಾವು ಕಂಡಿದ್ದೇವೆ. ಆಮೇಲೆ ಏನೋ ಆಗುತ್ತದೆ. ಅವಳ ನಗು ನಿಲ್ಲುತ್ತದೆ. ನೋಟ ತಂದೆಯನ್ನು ಬಿಟ್ಟು, ಕ್ಯಾಮೆರಾವನ್ನೂ ದಾಟಿ, ಎಲ್ಲೋ ಹಿಂದಕ್ಕೆ ಹೋಗುತ್ತದೆ. ಹಿನ್ನೆಲೆಯ ಹೆಂಗಸರು ಮಕ್ಕಳನ್ನು ಮಡಿಲಿಗೆ ಎಳೆದುಕೊಳ್ಳುತ್ತಾರೆ. ಕೊನೆಯ ಚಿತ್ರದಲ್ಲಿ ತಂದೆ ತಿರುಗಿದ್ದಾನೆ. ಒಂದು ಕೈಯಲ್ಲಿ ಪಾದರಕ್ಷೆ ಎತ್ತಿ ಹಿಡಿದಿದ್ದಾನೆ, ಇನ್ನೊಂದು ಕೈ ಮಗಳ ಮುಂದೆ ಅಡ್ಡವಾಗಿ ಚಾಚಿದೆ. ಬಾಲ್ಯವನ್ನು ಬಿಟ್ಟುಕೊಡಲು ಒಲ್ಲದ ತಂದೆ, ಮುಂದಿರುವ ಬದುಕನ್ನು ಕಂಡು ಬೆಚ್ಚಿದ ಮಗಳು! ಅವಳಿಗೆ ಏನು ಹೇಳಿ ಆ ಮುಖವನ್ನು ಹೊರಗೆ ತಂದೆ, ಅಕ್ಕ?

ನಿನ್ನನ್ನು ಕೇಳದೆ ಒಂದು ಕೆಲಸ ಮಾಡಿದ್ದೇನೆ. ಹಾಳೆಯ ಆ ಕೊನೆಯ ಚೌಕವನ್ನೇ ಮರುಪ್ರತಿ ಮಾಡಿ, ದೊಡ್ಡದಾಗಿ ಮುದ್ರಿಸಿ, ನಿನ್ನ ಹೆಸರಿನಲ್ಲಿ ಕಾಲೇಜಿನ ಬೇಸಗೆ ಪ್ರದರ್ಶನಕ್ಕೆ ಕೊಟ್ಟೆ. ಆಯ್ಕೆ, ಮುದ್ರಣ, ಶೀರ್ಷಿಕೆ ನನ್ನದು: “ಹದಿನೈದು”. ಅದಕ್ಕೆ ಮೊದಲ ಬಹುಮಾನ ಬಂದಿದೆ. ಪ್ರೊಫೆಸರ್ ವಿಟ್ಲಾಕ್ ಅದರ ಮುಂದೆ ಬಹಳ ಹೊತ್ತು ನಿಂತಿದ್ದರು. ಬೇಸಗೆಯಿಡೀ ಅವರ ಸ್ಟುಡಿಯೋದಲ್ಲಿ ಕೆಲಸ ಮಾಡಲು ನನ್ನನ್ನು ಕರೆದಿದ್ದಾರೆ.

ಪ್ರೀತಿಯಿಂದ,
ನೋಯೆಲಿಯಾ


ಸ್ಯಾನ್ ಆಂಟೋನಿಯೋ
11 ಜೂನ್ 1996

ನೋಯೆಲಿಯಾ,

ನಾನು ಅವಳಿಗೆ ಏನೂ ಹೇಳಲಿಲ್ಲ. ಅವಳು ನನ್ನ ಸೊಂಟವನ್ನು ನೋಡುತ್ತಿದ್ದಳು.

ನಿಂತೇ ತೆಗೆದೆ ಎಂದು ಬೈದ ನಿನ್ನ ಪತ್ರ ಅಂದು ಜೇಬಿನಲ್ಲೇ ಇತ್ತು. ತಂದೆ ಮಂಡಿಯೂರಿದ ಕೂಡಲೇ, ಅಪ್ಪ ಕಲಿಸಿದಂತೆ, ಏನನ್ನೂ ಯೋಚಿಸದೆ ನೆಲಕ್ಕೆ ಬಿದ್ದೆ. ಮೊಣಕೈ ಊರಿ ಮುಂದೆ ತೆವಳಿದಾಗ ಜಾಕೆಟ್ ಬೆನ್ನಿನ ಮೇಲಕ್ಕೆ ಸರಿದು ಪಿಸ್ತೂಲು ಹೊರಗೆ ಕಂಡಿತು. ನನಗೆ ಗೊತ್ತಾಗಲಿಲ್ಲ. ಸಂಗೀತ ನಿಂತದ್ದು, ಜನ ಉಸಿರೆಳೆದದ್ದು, ಹಿಂದಿನಿಂದ ಯಾರೋ ಕೂಗಿದ್ದು, ಯಾವುದೂ ನನಗೆ ಕೇಳಿಸಲಿಲ್ಲ. ನವೆಂಬರಿನ ಆ ಪೆಟ್ಟಿನಿಂದ ನನ್ನ ಎಡಗಿವಿ ಹೋಗಿದೆ, ಬಲಗಿವಿಯಲ್ಲಿ ಸದಾ ಜೇನುಗೂಡಿನ ಮೊರೆತ. ಫೋನ್ ಕೆಟ್ಟಿರಲಿಲ್ಲ. ನೀನು ಓದು ಬಿಟ್ಟು ಓಡಿಬರುತ್ತೀಯೆಂದು ಹೇಳಲಿಲ್ಲ. ಓಡಿಬರದಿದ್ದರೆ ಎಂಬ ಭಯವೂ ಇತ್ತೆಂದು ಇಟ್ಟುಕೋ.

ಹಾಗಾಗಿ ಗಾಜಿನಲ್ಲಿ ಕಂಡದ್ದನ್ನೆಲ್ಲ ತೆಗೆಯುತ್ತಲೇ ಹೋದೆ. ಹುಡುಗಿಯ ಮುಖ ಬದಲಾದಾಗ ನನಗೂ ನಿನ್ನ ಹಾಗೆಯೇ ಅನ್ನಿಸಿತು: ಎಂಥ ಮುಖ, ಬಿಡಬಾರದು ಎಂದು. ತಂದೆ ಕೈ ಅಡ್ಡ ಚಾಚಿದ್ದು ಬಾಲ್ಯಕ್ಕಲ್ಲ, ನನಗೆ.

ತಾಯಿ ನನ್ನ ತೋಳು ಹಿಡಿದು ಎಬ್ಬಿಸಿದಳು. ಬಾಯಿಯ ಚಲನೆ ನೋಡಿ ಅರ್ಥಮಾಡಿಕೊಂಡೆ. “ನನ್ ಮಗಳ ಹಬ್ಬಕ್ಕೆ ಇದನ್ನ ಯಾಕಮ್ಮಾ ತಂದೆ?”

“ರೋಲ್ ಕಾಪಾಡೋಕೆ ತಾಯಿ. ನಿಮ್ಮ ಮಗಳ ಫೋಟೋನೇ.”

“ಯಾರಿಂದ? ನಮ್ಮಿಂದಾನಾ?”

ಯಾರೋ ಪೊಲೀಸರನ್ನು ಕರೆದಿದ್ದರು. ಅಧಿಕಾರಿ ಪರವಾನಗಿ ನೋಡಿದ. ಆ ಸಭಾಂಗಣದಲ್ಲಿ ಮದ್ಯ ಮಾರುವುದಿಲ್ಲ, ನಾನು ಬೇಕೆಂದು ತೋರಿಸಿದ್ದೂ ಅಲ್ಲ. “ಎಲ್ಲಾ ಕಾನೂನು ಪ್ರಕಾರಾನೇ ಇದೆ ಮೇಡಂ” ಎಂದು ಟೋಪಿ ಮುಟ್ಟಿ ಹೋದ. ನಿನ್ನ ವಾದವನ್ನು ಯಾರಿಂದಲೂ ಮುರಿಯಲಾಗಲಿಲ್ಲ.

ಯೆಸೆನಿಯಾಳ ಎರಡನೆಯ ಕಾಲಿಗೆ ಚಪ್ಪಲಿ ತೊಡಿಸಿದ್ದು ಅಡುಗೆಕೋಣೆಯಲ್ಲಿ, ನಾನಿಲ್ಲದಾಗ.

ಫೋಟೋದ ಪದ್ರಿನೋ ನಿಕಾನೋರ್ ಎಂಬ ಮಾಂಸದ ಅಂಗಡಿಯವನು. ಅವನೊಬ್ಬನೇ ನನ್ನ ಪರವಾಗಿ ಮಾತನಾಡಿದ್ದು: “ಅವಳ ತಲೆ ಒಡೆದಾಗ ನೀವ್ಯಾರೂ ಬರ್ಲಿಲ್ಲ. ಅವಳ ಜಾಗದಾಗೆ ನಾನಿದ್ರೆ ಎರಡು ಕಟ್ಕೊಳ್ತಿದ್ದೆ.” ಆಮೇಲೆ ನನ್ನ ಚೀಲವನ್ನು ತಾನೇ ಹೆಗಲಿಗೆ ಹಾಕಿಕೊಂಡು ವ್ಯಾನಿನ ತನಕ ಬಂದ. “ಈ ಫೋಟೋಗೆ ಪದ್ರಿನೋ ಆಗಿರೋನು ನಾನು. ಹೊರೋದೂ ನಂದೇ ಕೆಲ್ಸ. ಮೊದ್ಲೇ ಕೇಳ್ಬಾರ್ದಿತ್ತೇನಮ್ಮಾ?”

ಇಷ್ಟು ವರ್ಷ ನಾನು ಒಬ್ಬರನ್ನೂ ಕೇಳಿರಲಿಲ್ಲ.

ಗೋಡೆಯ ಮೇಲಿನ ಚಿತ್ರವನ್ನು ತೆಗೆ. ಆಮೇಲೆ ಹಾಳೆ ನೋಡಿದ ಯೆಸೆನಿಯಾಳ ತಾಯಿ ಅದನ್ನು ಯಾರಿಗೂ ತೋರಿಸಬಾರದೆಂದು ಕೈಮುಗಿದು ಕೇಳಿದ್ದಾಳೆ. ಬಹುಮಾನ ಬಂದದ್ದಕ್ಕೆ ಸಂತೋಷಪಡಬೇಕಿತ್ತು. ನನಗೆ ಅಷ್ಟು ಶಕ್ತಿಯಿಲ್ಲ.

ಇಮೆಲ್ಡಾ


ರೋಚೆಸ್ಟರ್
23 ಜೂನ್ 1996

ಅಕ್ಕ,

ನಿನ್ನ ಪತ್ರ ಬಂದ ಮೇಲೂ ಕೆಲವು ದಿನ ಚಿತ್ರ ಗೋಡೆಯ ಮೇಲೆಯೇ ಇತ್ತು. ನಿನಗೆ ಸುಳ್ಳು ಬರೆಯಲಾರೆ. ಪ್ರತಿದಿನ ಅದರ ಮುಂದೆ ನಿಂತೆ, ಪ್ರತಿದಿನ ನಾಳೆ ಎಂದುಕೊಂಡೆ. ಈಗ ಅದರಲ್ಲಿ ನನಗೆ ಕಾಣುವುದು ಆ ಹುಡುಗಿಯಲ್ಲ, ಅವಳು ನೋಡುತ್ತಿರುವ ನೀನು.

ಪ್ರೊಫೆಸರ್ ವಿಟ್ಲಾಕ್‌ರಿಗೆ ನಿಜ ಹೇಳಿದೆ. ಅವರ ಕಣ್ಣು ಹೊಳೆಯಿತು. “ಹಾಗಾದ್ರೆ ಇದು ಇನ್ನೂ ದೊಡ್ಡ ಚಿತ್ರ ಕಣಮ್ಮಾ! ಶೀರ್ಷಿಕೆ ಬದಲಾಯಿಸು, ಸಾಕು” ಎಂದರು. ಅವರು ಹೇಳಿದ್ದು ತಪ್ಪಲ್ಲ, ಅದೇ ನನ್ನನ್ನು ಹೆದರಿಸಿತು. ಚಿತ್ರವನ್ನು ಚೌಕಟ್ಟಿನ ಸಮೇತ ಇಳಿಸಿ ನನ್ನ ಕೋಣೆಗೆ ತಂದು ಗೋಡೆಗೆ ಮುಖಮಾಡಿ ಇಟ್ಟಿದ್ದೇನೆ.

ಎಡಗಿವಿಯೋ ಬಲಗಿವಿಯೋ ಎಂದು ಒಂದು ಸಾಲಾದರೂ ಬರೆಯಬಹುದಿತ್ತು, ಅಕ್ಕ. ಬೇಡ, ಬಿಡು. ನಾನೂ ಕೇಳಲಿಲ್ಲ. ಎರಡು ಹೊಲಿಗೆ ಎಂದು ನೀನು ಬರೆದೆ, ನಾನು ಕಾನೂನಿನ ಬಗ್ಗೆ ಬರೆದೆ.

ಪಿಸ್ತೂಲನ್ನು ಮಾರಿಬಿಡುತ್ತೀಯಾ? ಬೇಡವೆನ್ನಲೂ ಸರಿ ಎನ್ನಲೂ ನನಗೀಗ ಧೈರ್ಯವಿಲ್ಲ.

ನೋಯೆಲಿಯಾ


ಸ್ಯಾನ್ ಆಂಟೋನಿಯೋ
2 ಜುಲೈ 1996

ಪ್ರೀತಿಯ ನೋಯೆಲಿಯಾ,

ಮಾರಿಲ್ಲ. ಅಪ್ಪನ ಒಡೆದ ಲೆನ್ಸ್ ಇರುವ ಡ್ರಾಯರಿನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ. ಅದನ್ನು ಇಟ್ಟ ದಿನ ಸೊಂಟ ಹಗುರವಾಯಿತು, ಕತ್ತಿನ ಹಿಂಭಾಗ ಭಾರವಾಯಿತು. ಈಗಲೂ ವ್ಯಾನಿನ ಬಾಗಿಲು ತೆರೆಯುವಾಗ ಹಿಂತಿರುಗಿ ನೋಡುತ್ತೇನೆ. ಕೇಳಿಸದವಳು ಮತ್ತೇನು ಮಾಡಬೇಕು?

ಯಾರೂ ಇಟ್ಟುಕೊಳ್ಳಬಾರದು ಎಂದು ನಾನು ಹೇಳುವುದಿಲ್ಲ. ಲರೇದೋ ಊರಿನಲ್ಲಿ ನನ್ನ ಗೆಳತಿಯೊಬ್ಬಳು ಅಂಗಡಿಯಲ್ಲಿ ಪಿಸ್ತೂಲು ಇಟ್ಟುಕೊಂಡೇ ಕೆಲಸ ಮಾಡುತ್ತಾಳೆ, ನೆಮ್ಮದಿಯಾಗಿದ್ದಾಳೆ. ಅವಳದು ಪಾಸ್‌ಪೋರ್ಟ್ ಫೋಟೋ, ನಿಂತಲ್ಲೇ ತೆಗೆಯುವ ಕೆಲಸ. ಅದನ್ನು ಕಟ್ಟಿಕೊಂಡವರು ಜನರ ಪಾದದ ಬಳಿ ಮಲಗಬಾರದು, ಜನ ತಬ್ಬಿಕೊಳ್ಳಲು ಬಿಡಬಾರದು. ನನ್ನ ಕೆಲಸದಲ್ಲಿ ಇವೆರಡನ್ನು ತೆಗೆದರೆ ಉಳಿಯುವುದು ಬೋಳು ನೆತ್ತಿ.

ಈಗ ಕೆಲಸ ಒಪ್ಪಿಕೊಳ್ಳುವಾಗಲೇ ಹೇಳುತ್ತೇನೆ: ಫೋಟೋದ ಪದ್ರಿನೋ ಯಾರೋ ಅವರು ವ್ಯಾನು ಹೊರಡುವ ತನಕ ನನ್ನ ಜೊತೆಗಿರಬೇಕು. ಕೆಲವರು ಒಪ್ಪುತ್ತಾರೆ. ಕೆಲವರು “ಕಾವಲಿಗೆ ಗಂಡನ್ನ ಕಟ್ಕೋ” ಎಂದು ನಗುತ್ತಾರೆ. ಪದ್ರಿನೋಗಳು ಕುಡಿದು ಮಲಗುವುದೂ ಉಂಟು. ಇದೂ ಪೂರ್ತಿ ಉಪಾಯವಲ್ಲ.

ನಿನ್ನೆ ನಿಕಾನೋರ್ ಸ್ಟುಡಿಯೋಗೆ ಬಂದಿದ್ದ, ನನ್ನ ಬಲಗಡೆಗೆ ಬಂದು ನಿಂತು, ಕೂಗಿ ಕೂಗಿ ಹೇಳಿದ: “ಇನ್ನೊಂದು ಕಾಲು ಬಾಕಿ ಇದೆಯಲ್ಲಮ್ಮಾ! ಆಲ್ಬಮ್ಮಿನಾಗೆ ಹುಡುಗಿ ಒಂಟಿ ಚಪ್ಪಲೀಲಿ ನಿಂತವ್ಳೆ.” ತಾಯಿ ಒಪ್ಪಲು ಬಹಳ ದಿನ ಹಿಡಿಯಿತಂತೆ. ಯೆಸೆನಿಯಾಳೇ ಹಟ ಮಾಡಿದಳಂತೆ. ಈ ತಿಂಗಳ 20, ಶನಿವಾರ, ಅವರ ಮನೆಯ ಹಿತ್ತಲಿನಲ್ಲಿ. ಅದೇ ಉಡುಪು, ಅದೇ ಚಪ್ಪಲಿ, ಕೇಕ್ ಮಾತ್ರ ಇಲ್ಲ.

ಅಂದು ಡ್ರಾಯರಿನ ಬೀಗ ತೆಗೆಯುವುದಿಲ್ಲ. ಆಮೇಲಿನದು ನನಗೆ ಗೊತ್ತಿಲ್ಲ. ಬರಬೇಕೆಂದು ಬರೆಯುತ್ತಿಲ್ಲ, ನಿನ್ನ ಪ್ರೊಫೆಸರ್ ಕೊಟ್ಟ ಕೆಲಸ ದೊಡ್ಡದು. ಅಂದು ನೆಲದ ಮೇಲೆ ಮಲಗಿದಾಗ ನನ್ನ ಬೆನ್ನು ಹೇಗಿರುತ್ತದೋ ಎಂದು ಯೋಚಿಸುತ್ತಾ ಬರೆದೆ, ಅಷ್ಟೆ.

ನಿನ್ನ ಅಕ್ಕ,
ಇಮೆಲ್ಡಾ


ರೋಚೆಸ್ಟರ್
9 ಜುಲೈ 1996

ಅಕ್ಕ,

ಈ ಪತ್ರದಲ್ಲಿ ವಾದವಿಲ್ಲ.

ಪ್ರೊಫೆಸರ್ ವಿಟ್ಲಾಕ್‌ರ ಸ್ಟುಡಿಯೋಗೆ ನನ್ನ ಬದಲು ಇನ್ನೊಬ್ಬ ವಿದ್ಯಾರ್ಥಿ ಹೋಗುತ್ತಾನೆ, ತರಗತಿಯಲ್ಲಿ ಎರಡನೆಯವನು. ಇದನ್ನು ಬರೆಯುವಾಗಲೂ ನನಗೆ ಉರಿಯುತ್ತಿದೆ.

ನನ್ನ ಬಸ್ಸು 19ರ ಶುಕ್ರವಾರ ಸಂಜೆ ಬರುತ್ತದೆ. ನಿಲ್ದಾಣಕ್ಕೆ ಬರಬೇಡ, ನಾನೇ ನಡೆದು ಬರುತ್ತೇನೆ. ಬಂದ ಮೇಲೆ ನಿನ್ನ ಬಲಗಡೆಯಿಂದಲೇ ಮಾತನಾಡುತ್ತೇನೆ.

ಶನಿವಾರ ನೀನು ಮಲಗು. ಚೀಲದ ಮೇಲೆ ನಾನು ಕೂರುತ್ತೇನೆ.

ನೋಯೆಲಿಯಾ